ಕಿರ್ದಿ, ಖಾತೆ ಮತ್ತು ಇಂಡೆಕ್ಸು

ಡೇಟಾಬೇಸ್ ನಿಧಾನ ಆಯ್ತು ಅಂದ ಕೂಡಲೇ ನಮ್ಮ ಆಫೀಸುಗಳಲ್ಲಿ ಮೊದಲು ಬರೋ ಮಾತು ಒಂದೇ: "ಸರ್ವರ್ ದೊಡ್ಡದು ಮಾಡೋಣ." ಹೋದ ಸೀಸನ್ನಿನಲ್ಲಿ ಇದೇ ಮಾತನ್ನ ಚಳ್ಳಕೆರೆಯ ಶೇಂಗಾ ಮಂಡಿಯೊಂದರಲ್ಲಿ ಕೇಳಿದೆ. ಅಪ್ಪನ ಸ್ನೇಹಿತರ ಮಂಡಿ ಅದು. ಹೊಸ ಮಷಿನ್ನಿಗೆ ಕೊಟೇಶನ್ ತರಿಸಿ, "ಒಂದ್ಸಲ ನೋಡಪ್ಪ" ಅಂತ ನನ್ನ ಕೈಗಿಟ್ಟರು.

ಎಣ್ಣೆ ಗಿರಣಿಗಳಿಂದ ಹೆಸರಾದ ಊರು ನಮ್ಮದು. ಮೊಳಕಾಲ್ಮೂರು ಕಡೆಯಿಂದ ಶೇಂಗಾ ತಂದ ರೈತರು ತೂಕ ಮುಗಿದ ಮೇಲೆ ಲೆಕ್ಕದ ಚೀಟಿಗೆ ಕಾಯ್ತಾರೆ. ಚೀಟಿ ಇಲ್ಲದೆ ದುಡ್ಡಿಲ್ಲ, ದುಡ್ಡು ಕೈಗೆ ಬರದೆ ಬಸ್ ಹತ್ತೋರಿಲ್ಲ. ಮೊದಲೆಲ್ಲ ಬಟನ್ ಒತ್ತಿದ ತಕ್ಷಣ ಬರ್ತಿದ್ದ ಚೀಟಿ ಈಗ ಮುಕ್ಕಾಲು ನಿಮಿಷ ತಗೊಳ್ತಿತ್ತು. ಸಾಲಲ್ಲಿ 40 ಜನ ಇದ್ದರೆ ಕಡೆಯವನಿಗೆ ಅರ್ಧ ಗಂಟೆ.

ರೋಗ ಹುಡುಕೋಕೆ ಮೊದಲು ನಾನು ಕೇಳೋದು, ನಿಧಾನ ಆಗಿದ್ದು ಹೇಗೆ ಅಂತ. ಡೇಟಾ ಎರಡು ಪಟ್ಟಾದಾಗ ಸಮಯವೂ ಎರಡು ಪಟ್ಟಾದರೆ, ಯಂತ್ರ ಪೂರ್ತಿ ಟೇಬಲ್ ಓದ್ತಿರಬಹುದು. ಸಮಯ ನಾಲ್ಕು ಪಟ್ಟಾದರೆ, ಎರಡು ಟೇಬಲ್‌ಗಳನ್ನ ಸಾಲಿಗೆ ಸಾಲು ತಾಳೆ ನೋಡ್ತಿರಬಹುದು. ಚೆನ್ನಾಗಿದ್ದದ್ದು ಒಮ್ಮೆಲೇ ಕುಸಿದರೆ, ಡೇಟಾ ಮೆಮೊರಿ ಮೀರಿ ಡಿಸ್ಕಿಗೆ ಬಿದ್ದಿರೋ ಸಾಧ್ಯತೆ ಹೆಚ್ಚು. ಸಂತೆ ದಿನ ಮಾತ್ರ ತೊಂದರೆ ಅಂದರೆ, ಒಬ್ಬರ ಬೀಗಕ್ಕೆ ಇನ್ನೊಬ್ಬರು ಕಾಯ್ತಿರ್ತಾರೆ.

ಇಲ್ಲಿ ವರ್ಷವರ್ಷವೂ ಸ್ವಲ್ಪ ಸ್ವಲ್ಪ ನಿಧಾನ ಆಗಿ, ಈ ಸೀಸನ್ನಿನಲ್ಲಿ ಒಮ್ಮೆಲೇ ಕುಸಿದಿತ್ತು. ಅಂದರೆ ಎರಡು ಕಾಯಿಲೆ ಒಟ್ಟಿಗೆ. ಪೋಸ್ಟ್‌ಗ್ರೆಸ್‌ಗೆ 'ಎಕ್ಸ್‌ಪ್ಲೇನ್ ಅನಲೈಜ್' ಕೊಟ್ಟೆ. ಬಂದ ಉತ್ತರ 'ಸೆಕ್ ಸ್ಕ್ಯಾನ್'. ಒಬ್ಬ ರೈತನ ಹಳೆ ಬಾಕಿ ಹುಡುಕೋಕೆ ಎಲ್ಲ ರೈತರ ಎಲ್ಲ ವರ್ಷದ ವ್ಯವಹಾರ ಓದ್ತಿತ್ತು. ಮುಂಗಡ, ಚೀಲ, ಹಮಾಲಿ ಅಂತ ಒಂದೇ ಚೀಟಿಗೆ ಅದೇ ಓದು ಮತ್ತೆ ಮತ್ತೆ. ಟೇಬಲ್ ಮೆಮೊರಿಯಲ್ಲಿ ಹಿಡಿಸೋವರೆಗೂ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಪಕ್ಕದಲ್ಲಿ ಹಳೇ ಗುಮಾಸ್ತರೊಬ್ಬರು ಕೂತಿದ್ದರು. ಏನಾಗಿದೆ ಅಂತ ಹೇಳಿದೆ. ಅವರು ನಕ್ಕರು. "ಕಿರ್ದಿಲಿ ಹುಡುಕ್ತೈತಾ ಇದು? ಖಾತೆ ಬರ್ದಿಲ್ವೇನಪ್ಪ ಇದಕ್ಕೆ?"

ನಾನು ಅಷ್ಟು ಚೆನ್ನಾಗಿ ಯಾವತ್ತೂ ಹೇಳಿಲ್ಲ! ಕಿರ್ದಿ ಅಂದರೆ ದಿನದ ವ್ಯವಹಾರ ಬಂದ ಕ್ರಮದಲ್ಲೇ ಬರೆಯೋ ಪುಸ್ತಕ. ಖಾತೆ ಪುಸ್ತಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟ, ಕಿರ್ದಿಯ ಯಾವ ಪುಟ ನೋಡಬೇಕು ಅನ್ನೋ ಗುರುತು. ಡೇಟಾಬೇಸಿನಲ್ಲಿ ಇಂಡೆಕ್ಸ್ ಮಾಡೋದೂ ಇದನ್ನೇ. ಬಿ-ಟ್ರೀಯ ಒಂದು ಪುಟದಲ್ಲಿ 300 ಗುರುತು ಹಿಡಿಯುತ್ತೆ ಅಂದ್ಕೊಳ್ಳಿ. ಮೂರೇ ಹಂತದಲ್ಲಿ 2.7 ಕೋಟಿ ಸಾಲುಗಳಲ್ಲಿ ಬೇಕಾದ್ದು ಸಿಗುತ್ತೆ.

ಹಾಗಾದರೆ ಇಂಡೆಕ್ಸ್ ಯಾಕೆ ಇರಲಿಲ್ಲ? ಪೋಸ್ಟ್‌ಗ್ರೆಸ್ ಪ್ರೈಮರಿ ಕೀಗೆ ತಾನಾಗೇ ಇಂಡೆಕ್ಸ್ ಮಾಡುತ್ತೆ, ಫಾರಿನ್ ಕೀಗೆ ಮಾಡೋದಿಲ್ಲ. ಇದು ತುಂಬಾ ಜನಕ್ಕೆ ಗೊತ್ತಿಲ್ಲ. ರಾತ್ರಿ ಬ್ಯಾಕಪ್ ತಗೊಂಡು ರೈತನ ಐಡಿ ಮೇಲೆ ಒಂದು ಇಂಡೆಕ್ಸ್ ಹಾಕಿದೆ, 'ಅನಲೈಜ್' ಓಡಿಸಿದೆ. ಬೆಳಿಗ್ಗೆ ಚೀಟಿ ಒಂದು ಸೆಕೆಂಡಿನೊಳಗೆ ಬಂತು. ಕೊಟೇಶನ್ ವಾಪಸ್ ಹೋಯ್ತು.

ಹಾಗಂತ ಕಂಡ ಕಂಡ ಕಾಲಮ್ಮಿಗೆಲ್ಲ ಇಂಡೆಕ್ಸ್ ಹಾಕಬೇಡಿ. ಖಾತೆ ಪುಸ್ತಕ ಬಿಟ್ಟಿ ಬರಲ್ಲ. ದಿನಾ ಸಂಜೆ ಕಿರ್ದಿ ನೋಡಿ ಯಾರೋ ಏರಿಸಬೇಕು. ಒಂದು ಸಾಲು ಬರೆದಾಗಲೆಲ್ಲ ಪ್ರತಿ ಇಂಡೆಕ್ಸಿಗೂ ಅಷ್ಟು ಕೆಲಸ ಹೆಚ್ಚು. ಇನ್ನೊಂದು ಮಾತು: ದಿನಾಂಕದ ಕಾಲಮ್ಮನ್ನ ಫಂಕ್ಷನ್ನಿನೊಳಗೆ ಸುತ್ತಿ ಹುಡುಕಿದರೆ, ಮಾಮೂಲಿ ಇಂಡೆಕ್ಸ್ ಇದ್ದೂ ಇಲ್ಲದ ಹಾಗೆ.

ಡೇಟಾ ಬೆಳೀತಾನೇ ಹೋದರೆ? ಅದಕ್ಕೂ ಗುಮಾಸ್ತರ ಹತ್ರ ಉತ್ತರ ಇತ್ತು. ದೀಪಾವಳಿಗೆ ಪೂಜೆ ಮಾಡಿ ಹೊಸ ಪುಸ್ತಕ ತೆಗೀತಾರೆ, ಬಾಕಿ ಮಾತ್ರ ಮುಂದಕ್ಕೆ ಎಳೀತಾರೆ, ಹಳೇದು ಬಟ್ಟೆ ಸುತ್ತಿ ಅಟ್ಟಕ್ಕೆ. ನಾವು ಇದಕ್ಕೆ ಪಾರ್ಟಿಷನ್, ಆರ್ಕೈವ್ ಅಂತ ದೊಡ್ಡ ಹೆಸರಿಟ್ಟಿದ್ದೀವಿ.

ನೀವು ಈ ವಾರ ಏನಾದ್ರೂ ಹೊಸದು ಬರೀತಿದ್ರೆ ಒಂದು ಕೆಲಸ ಮಾಡಿ. ಸಾವಿರ ಸಾಲಿನ ಟೆಸ್ಟ್ ಡೇಟಾ ನಂಬಬೇಡಿ. ಅಷ್ಟಕ್ಕೆ ಯಾವ ಕ್ವೆರಿಯಾದರೂ ಓಡುತ್ತೆ. 'ಜನರೇಟ್ ಸೀರೀಸ್' ಬಳಸಿ ಐದು ವರ್ಷದಷ್ಟು ಸುಳ್ಳು ಡೇಟಾ ತುಂಬಿ, ಇವತ್ತೇ ಅಳೆಯಿರಿ.