ಕಂಪ್ಯೂಟರಿನ ನೆನಪು

“ಮೆಮೊರಿ ಹೆಚ್ಚಿಸಹೋಗಿ ಇದ್ದ ನೆನಪೂ ಹೋದರೆ?” ಎಂಬ ಸಂದೇಹದಿಂದ ನಿವೃತ್ತ ಉಪಾಧ್ಯಾಯರೊಬ್ಬರು ಮನೆಯ ಕಂಪ್ಯೂಟರಿನ ಮಂದಗತಿಯನ್ನು ಒಂದು ವರ್ಷ ಸಹಿಸಿದರು. ಗತಿಸಿದ ತಾಯಿಯವರ ಕಂಠದ ಬೀಸುಕಲ್ಲಿನ ಪದಗಳು ಅದರಲ್ಲಿದ್ದುವು, ಬೇರೆ ಪ್ರತಿಯಿರಲಿಲ್ಲ. ವಾಚಕರು ನಗಬಾರದು, ಎರಡು ಬೇರೆ ವಸ್ತುಗಳಿಗೆ ಒಂದೇ ಹೆಸರು ನಡೆದುಬಂದುದು ಅವರ ತಪ್ಪಲ್ಲ.

ತಮ್ಮನ ಮಗನು ಬಂದು, “ದೊಡ್ಡಪ್ಪಾ, ಪದಗಳಿರುವುದು ಡಿಸ್ಕಿನಲ್ಲಿ; ಅದು ಸಂದೂಕ. ಈ ರ‍್ಯಾಮ್ ಬರೆದಳಿಸುವ ಹಲಗೆ ಮಾತ್ರ” ಎಂದನು. ಆ ಹಲಗೆಯ ಸ್ವಭಾವವು ವಿಚಿತ್ರವಾದುದು. ಅದರ ಒಂದೊಂದು ಕಣದಲ್ಲಿಯೂ ನಿಂತ ಅತ್ಯಲ್ಪ ವಿದ್ಯುದಂಶವು ತಾನಾಗಿ ಸೋರಿಹೋಗುವುದರಿಂದ, ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಮತ್ತೆ ತುಂಬುತ್ತಿರಬೇಕು. ವಿದ್ಯುತ್ತು ನಿಂತಿತೋ, ಸರ್ವವೂ ಶೂನ್ಯ! 1966ರಲ್ಲಿ ರಾಬರ್ಟ್ ಡೆನಾರ್ಡ್ ಎಂಬವರು ಕಂಡುಹಿಡಿದ ಉಪಾಯವಿದು.

ಯಂತ್ರವು 240 ಪಿನ್ನುಗಳ ಡಿಡಿಆರ್3 ಜಾತಿಯದು. 288 ಪಿನ್ನುಗಳ ಡಿಡಿಆರ್4 ಅದಕ್ಕೆ ಹೊಂದದು. ಹುಡುಗನು ಮೊದಲು ಪದಗಳನ್ನು ಪೆನ್ ಡ್ರೈವಿಗೆ ಇಳಿಸಿಕೊಂಡನು. ಬಳಿಕ ವಿದ್ಯುತ್ತಿನ ತಂತಿಯನ್ನು ಕಿತ್ತು, ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ, ಹಳೆಯ 4 ಜಿಬಿಯ ಪಟ್ಟಿಯ ಪಕ್ಕದಲ್ಲಿ ಅಂತಹುದೇ ಇನ್ನೊಂದನ್ನು ಕೂರಿಸಿದನು. ಗುಂಡಿಯೊತ್ತಿದರೆ ಪರದೆ ಕಪ್ಪು. ಬರಿಯ ಬೀಪ್ ಸದ್ದು. ಪ್ರತಿಯಿದ್ದರೂ ಹಿರಿಯರ ಮುಖ ಬಾಡಿತು. ತಂತಿಯನ್ನು ಮತ್ತೆ ಕಿತ್ತು, ಪಟ್ಟಿಯನ್ನು ತೆಗೆದು, ತುದಿಯ ಹಿಡಿ ಟಕ್ಕೆನ್ನುವವರೆಗೆ ಒತ್ತಿದ ಮೇಲೆ 8 ಜಿಬಿ ಎಂದು ತೋರಿತು. ವೇಗವನ್ನು ಪರೀಕ್ಷಿಸಲು ಹುಡುಗನು ಕೈ ಚಾಚುವಷ್ಟರಲ್ಲಿ ದೊಡ್ಡಪ್ಪನವರು ತಾಯಿಯ ಪದವನ್ನು ಹಚ್ಚಿಯಾಗಿತ್ತು.