ಕ್ಯಾಂಪಿನ ಥೆಂಥುಕ್, ಅತ್ತೆಯ ಶಾವಿಗೆ

ಮುಂಡಗೋಡ ತಾಲ್ಲೂಕಿನವರಿಗೆ ನೂಡಲ್ಸ್ ದೂರದ ತಿನಿಸಲ್ಲ. 1966ರಲ್ಲಿ ಇಲ್ಲಿ ಟಿಬೆಟಿಯನ್ ನಿರಾಶ್ರಿತರ ವಸತಿ ಶುರುವಾಯಿತು. ನಾವು ಅದನ್ನು ಕ್ಯಾಂಪ್ ಅಂತಲೇ ಕರೆಯುತ್ತೇವೆ. ಅವರ ಗೋವಿನಜೋಳದ ಹೊಲ, ನಮ್ಮವರ ಗೋವಿನಜೋಳದ ಹೊಲ ಅಕ್ಕಪಕ್ಕದಲ್ಲೇ ಇವೆ. ಸಂತೆಯಲ್ಲಿ ಒಂದೇ ರಾಶಿಯ ಮುಂದೆ ಕೂತು ಮೂಲಂಗಿ ಆರಿಸುತ್ತೇವೆ. ಅವರು ಆ ಮೂಲಂಗಿಯನ್ನು ನೂಡಲ್ಸ್ ಸಾರಿಗೆ ಹಾಕುತ್ತಾರೆ, ನಾವು ಪಲ್ಯಕ್ಕೆ.

ಇಷ್ಟು ಹತ್ತಿರವಿದ್ದರೂ ನಮ್ಮ ಮನೆಗಳಲ್ಲಿ ನೂಡಲ್ಸ್ ಅಂದರೆ ಎರಡೇ. ಒಂದು, ಕಿರಾಣಿ ಅಂಗಡಿಯಲ್ಲಿ ಸರ ಹಾಕಿ ನೇತುಬಿಟ್ಟ ಪ್ಯಾಕೆಟ್. ಇನ್ನೊಂದು, ಸಂಜೆ ಹೊತ್ತು ಬಸ್ ಸ್ಟ್ಯಾಂಡ್ ಬಳಿ ಗಾಡಿಯಲ್ಲಿ ಸಿಗುವ ಪ್ಲೇಟು. ಎರಡೂ ಮಕ್ಕಳ ತಿಂಡಿ. ದೊಡ್ಡವರ ಊಟವಲ್ಲ.

ನನಗೆ ಇದರ ಬಗ್ಗೆ ಯೋಚನೆ ಬಂದದ್ದು ಅಡುಗೆಯ ಹುಚ್ಚಿನಿಂದಲ್ಲ, ಮಾವನವರ ಹಲ್ಲಿನಿಂದ.

ನಮ್ಮ ಮನೆಯಲ್ಲಿ ಐದು ಜನ. ಮಾವ, ಅತ್ತೆ, ಗಂಡ, ಮೂರನೇ ಕ್ಲಾಸಿನ ಮಗಳು ಮತ್ತು ನಾನು. ನಾನು ಪತ್ರಿಕೆಗೆ ತಾಲ್ಲೂಕಿನ ಸುದ್ದಿ ಕಳಿಸುವವಳು. ಅಚ್ಚಾದ ಸುದ್ದಿಗೆ ಮಾತ್ರ ಹಣ. ಪಂಚಾಯಿತಿ, ಎಪಿಎಂಸಿ, ಪೊಲೀಸ್ ಠಾಣೆ ಸುತ್ತಿ, ಫೋಟೊ ಕಳಿಸಿ ಮನೆ ಸೇರುವಾಗ ಏಳು ಗಂಟೆ. ಆಮೇಲೆ ಒಲೆಯ ಮುಂದೆ ಮೂರು ಅಡುಗೆ. ಗಂಡನಿಗೂ ಅತ್ತೆಗೂ ರೊಟ್ಟಿ ಪಲ್ಯ. ಮಗಳಿಗೆ ಪ್ಯಾಕೆಟ್ ನೂಡಲ್ಸ್. ಮಾವನಿಗೆ ಗಂಜಿ.

ಮಾವನವರ ಹಲ್ಲು ಎರಡು ವರ್ಷದ ಹಿಂದೆ ಪೂರ್ತಿ ಹೋದವು. ಕಟ್ಟಿಸಿದ ಹಲ್ಲಿನ ಸೆಟ್ಟು ಒಸಡಿಗೆ ಒತ್ತುತ್ತದೆ ಅಂತ ಡಬ್ಬಿಯಲ್ಲೇ ಇಟ್ಟಿದ್ದಾರೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದು ಅವರಿಗೆ ನಾಚಿಕೆ. ಅದಕ್ಕೇ ನಾವೆಲ್ಲ ಕೂರುವ ಮೊದಲೇ ಪಡಸಾಲೆಯ ಮೂಲೆಯಲ್ಲಿ ಒಬ್ಬರೇ ಗಂಜಿ ಕುಡಿದು ಹಾಸಿಗೆ ಸೇರುತ್ತಿದ್ದರು. ದಿನಾ ಗಂಜಿ ಕುಡಿದು ಅಂಗಿ ಸಡಿಲವಾಗುತ್ತಾ ಬಂತು. ಅದಕ್ಕಿಂತ ಹೆಚ್ಚು ಕಾಡಿದ್ದು, ಮನೆಯ ಹಿರಿಯರು ಊಟದ ಸಾಲಿನಿಂದ ಎದ್ದು ಹೋದದ್ದು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಕಳೆದ ಮಳೆಗಾಲದಲ್ಲಿ ಗೋವಿನಜೋಳದ ಸುದ್ದಿಗೆಂದು ಕ್ಯಾಂಪಿಗೆ ಹೋಗಿದ್ದೆ. ಮಳೆ ಜೋರಾಗಿ ಒಂದು ಸಣ್ಣ ಹೋಟೆಲ್ ಹೊಕ್ಕೆ. ನಡೆಸುವವರು ವಯಸ್ಸಾದ ಟಿಬೆಟಿಯನ್ ಅಜ್ಜಿ. ಅವರನ್ನು ಎಲ್ಲರೂ ಆಮಾ-ಲಾ ಅನ್ನುತ್ತಾರೆ. ನಮ್ಮಲ್ಲಿ ಅವ್ವಾರು ಅಂದ ಹಾಗೆ. ಥುಕ್ಪಾ ನಾನು ಎಷ್ಟೋ ಸಲ ತಿಂದಿದ್ದೆ. ಅಂದು ಅವರು ಮಾಡುತ್ತಿದ್ದದ್ದು ಥೆಂಥುಕ್. ಕುದಿಯುವ ಸಾರಿನ ಮುಂದೆ ನಿಂತು, ಕೈಮೇಲೆ ಇಳಿಬಿಟ್ಟ ಹಿಟ್ಟಿನ ಪಟ್ಟಿಯಿಂದ ಚೂರು ಚೂರು ಹರಿದು ಸಾರಿಗೆ ಎಸೆಯುತ್ತಿದ್ದರು. ಥೆನ್ ಅಂದರೆ ಎಳೆಯುವುದು, ಥುಕ್ ಅಂದರೆ ನೂಡಲ್ಸ್ ಅಂತ ಹೇಳಿದರು. ಲಟ್ಟಣಿಗೆ ಬೇಡ, ಮಷಿನ್ ಬೇಡ, ಚಾಕು ಸಹ ಬೇಡ.

ಅಲ್ಲೇ ಒಂದು ಮೂಲೆಯಲ್ಲಿ ಹಲ್ಲಿಲ್ಲದ ಮುದುಕ ಲಾಮಾ ಒಬ್ಬರು ಅದನ್ನು ಸೊರ್ ಸೊರ್ ಅಂತ ಉಣ್ಣುತ್ತಿದ್ದರು. ನಾಲ್ಕು ಜನರ ನಡುವೆ ಕೂತು, ಮಾತಾಡುತ್ತಾ. ನನ್ನ ಕಣ್ಣು ಅಲ್ಲೇ ನಿಂತಿತು.

ಆಮಾ-ಲಾ ಹೇಳಿದ ಕ್ರಮವನ್ನು ನಮ್ಮ ಮನೆಗೆ ಹೊಂದಿಸಿಕೊಂಡಿದ್ದೇನೆ. ಐದು ಜನಕ್ಕೆ ಲೆಕ್ಕ ಹೀಗೆ.

ಮೂರು ಲೋಟ ಹಿಟ್ಟು, ಅರ್ಧ ಚಮಚ ಉಪ್ಪು, ಒಂದು ಲೋಟಕ್ಕಿಂತ ಸ್ವಲ್ಪ ಹೆಚ್ಚು ನೀರು. ಕ್ಯಾಂಪಿನಲ್ಲಿ ಮೈದಾ ಬಳಸುತ್ತಾರೆ, ನಾನು ಗೋಧಿ ಹಿಟ್ಟು. ಚಪಾತಿ ಹಿಟ್ಟಿನಷ್ಟೇ ಮೆದು ಇರಲಿ, ಆದರೆ ನಾದುವುದು ಹತ್ತು ನಿಮಿಷ. ಮೇಲೆ ಎಣ್ಣೆ ಸವರಿ ಅರ್ಧ ಗಂಟೆ ಮುಚ್ಚಿಡಿ. ಗೋಧಿಯಲ್ಲಿ ಗ್ಲೂಟೆನ್ ಅನ್ನುವ ಜಿಗುಟು ಅಂಶವಿದೆ. ಹಿಟ್ಟು ನೆನೆದರೆ ಅದು ಸಡಿಲಗೊಂಡು ಎಳೆದಷ್ಟು ಬರುತ್ತದೆ, ಇಲ್ಲದಿದ್ದರೆ ಎಳೆದ ಕೂಡಲೇ ಮತ್ತೆ ಮುದುಡಿಕೊಳ್ಳುತ್ತದೆ. ಜೋಳದ ಹಿಟ್ಟಿಗೆ ಈ ಜಿಗುಟಿಲ್ಲ. ಅದಕ್ಕೇ ರೊಟ್ಟಿಗೆ ಬಿಸಿನೀರು ಹಾಕಿ ನಾದಿ ಬಡಿಯುತ್ತೇವೆ, ಎಳೆಯುವುದಿಲ್ಲ.

ಹಿಟ್ಟು ನೆನೆಯುವಷ್ಟರಲ್ಲಿ ಸಾರು. ದೊಡ್ಡ ಬೋಗುಣಿಯಲ್ಲಿ ಎರಡು ಚಮಚ ಎಣ್ಣೆ ಕಾಯಿಸಿ, ಜಜ್ಜಿದ ಎಂಟು ಎಸಳು ಬೆಳ್ಳುಳ್ಳಿ, ಒಂದು ತುಂಡು ಶುಂಠಿ, ಹೆಚ್ಚಿದ ಎರಡು ಉಳ್ಳಾಗಡ್ಡಿ ಬಾಡಿಸಿ. ಎರಡು ಟೊಮೆಟೊ ಹಾಕಿ ಕರಗುವ ತನಕ ಬಿಡಿ. ಒಂದು ಮೂಲಂಗಿ, ಒಂದು ಗಜ್ಜರಿಯನ್ನು ತೆಳ್ಳಗೆ ಹೆಚ್ಚಿ ಸೇರಿಸಿ. ಹತ್ತು ಲೋಟ ನೀರು, ರುಚಿಗೆ ಉಪ್ಪು. ತಿನ್ನುವವರು ಮೂಳೆ ಇರುವ ನಾಲ್ಕು ತುಂಡು ಕೋಳಿ ಹಾಕಿ ಬೇಯಿಸಿಕೊಳ್ಳಬಹುದು. ನಮ್ಮಲ್ಲಿ ಒಂದು ಹಿಡಿ ಬೇಯಿಸಿದ ಹೆಸರುಕಾಳು ಹಾಕುತ್ತೇವೆ. ಇದು ಕ್ಯಾಂಪಿನ ಪದ್ಧತಿಯಲ್ಲ, ನಮ್ಮದು.

ಸಾರು ಚೆನ್ನಾಗಿ ಕುದಿಯುವಾಗ ಹಿಟ್ಟನ್ನು ಬೆರಳಗಲದ ಪಟ್ಟಿ ಮಾಡಿ, ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ, ಹೆಬ್ಬೆರಳಿನ ಉಗುರಿನಷ್ಟು ಚೂರು ಹರಿಯುತ್ತಾ ಹಾಕಿ. ಒಲೆ ಸಣ್ಣ ಮಾಡಬೇಡಿ, ಕುದಿ ನಿಂತರೆ ಚೂರುಗಳು ಒಂದಕ್ಕೊಂದು ಅಂಟುತ್ತವೆ. ಎಲ್ಲ ಹಾಕಿದ ಮೇಲೆ ಐದು ನಿಮಿಷ. ಕೊನೆಗೆ ಒಂದು ಕಟ್ಟು ಪಾಲಕ, ಕೊತ್ತಂಬರಿ, ಸ್ವಲ್ಪ ಮೆಣಸಿನ ಪುಡಿ. ಖಾರ ಬೇಕಾದವರು ಕೆಂಪು ಮೆಣಸಿನಕಾಯಿ ಚಟ್ನಿಯನ್ನು ತಟ್ಟೆಯಲ್ಲೇ ಕಲಸಿಕೊಳ್ಳಲಿ. ಮಾವನಿಗೆ ಬಡಿಸುವಾಗ ಚೂರು ಇನ್ನೂ ತೆಳ್ಳಗೆ, ಬೇಯುವುದು ಇನ್ನೂ ಮೂರು ನಿಮಿಷ.

ಮೊದಲ ದಿನ ಅತ್ತೆ ಬೋಗುಣಿಯೊಳಗೆ ಇಣುಕಿ, "ಏನವಾ ಇದು, ಹಿಟ್ಟಿನ ಚೂರು ಸಾರಿನಾಗ ಒಗದೀ?" ಅಂದರು. ಗಂಡ ಉಂಡಾದ ಮೇಲೆ ಕೈ ತೊಳೆಯದೇ ಕೂತು, "ಛಲೋ ಐತಿ. ರೊಟ್ಟಿ ಎಲ್ಲೈತಿ?" ಅಂತ ಕೇಳಿದ. ಇಂದಿಗೂ ಅವನಿಗೆ ಒಂದು ರೊಟ್ಟಿ ಬೇಕೇ ಬೇಕು.

ಮಾವ ಅಂದು ಗಂಜಿಗಾಗಿ ಮೊದಲೇ ಬಂದು ಕೂತಿದ್ದರು. "ಮಾವಾರ, ಇನ್ನೊಂದು ಹತ್ತು ನಿಮಿಷ, ಎಲ್ಲಾರಿಗೂ ಒಂದೇ ಅಡಗಿ ಇವತ್ತ" ಅಂದೆ. ಸಾಲಿನಲ್ಲಿ ಕೂತರು. ಎರಡನೇ ಸಲ ಹಾಕಿಸಿಕೊಂಡರು. ಏನೂ ಮಾತಾಡಲಿಲ್ಲ. ಉಂಡಾದ ಮೇಲೆ ಮೊಮ್ಮಗಳ ಜೊತೆ ಅರ್ಧ ಗಂಟೆ ಕೂತು, ತಾವು ಹುಡುಗರಿದ್ದಾಗ ಕ್ಯಾಂಪಿನವರು ಕಾಡು ಕಡಿದು ಹೊಲ ಮಾಡಿದ್ದನ್ನು ಹೇಳಿದರು. ಆ ಕಥೆ ನಾನೂ ಮೊದಲ ಸಲ ಕೇಳಿದ್ದು.

ಈಗ ವಾರಕ್ಕೆ ಎರಡು ದಿನ ಥೆಂಥುಕ್. ಹಿಟ್ಟು ಹರಿಯುವ ಕೆಲಸ ಮಗಳದು. ಅವಳು ಹರಿದ ಚೂರು ಒಂದು ಆನೆ, ಒಂದು ಇರುವೆ. ಆದರೆ ತಾನೇ ಮಾಡಿದ್ದು ಅಂತ ಪಾಲಕ ಸಮೇತ ತಿನ್ನುತ್ತಾಳೆ.

ಅತ್ತೆಯದು ಬೇರೆಯೇ ಕಥೆ. ಅವರು ಶಾವಿಗೆ ಹೊಸೆಯುವುದರಲ್ಲಿ ಊರಿಗೇ ಹೆಸರಾದವರು. ಬೇಸಿಗೆಯಲ್ಲಿ ಗೋಧಿ ತೊಳೆದು, ಬೀಸಿ, ಸಾಣಿಸಿ, ನಾದಿ, ಶಾವಿಗೆ ಮಣೆಯ ಮೇಲೆ ಹೊಸೆದು ಕೂದಲೆಳೆಯಂತೆ ಎಳೆದು ಕೋಲಿನ ಮೇಲೆ ಒಣಹಾಕುತ್ತಿದ್ದರು. ಅಂಗಡಿ ಶಾವಿಗೆ ಬಂದ ಮೇಲೆ ಮಣೆ ಅಟ್ಟ ಸೇರಿತು. ನಾನು ಥೆಂಥುಕ್ ಮಾಡುವುದನ್ನು ನೋಡುತ್ತಾ ಒಂದು ದಿನ, "ಇದಕ ಇಷ್ಟ್ಯಾಕ ಹಾರಾಡ್ತಿ? ಶ್ಯಾವಿಗಿ ಅಂದ್ರ ಮತ್ತೇನು?" ಅಂದರು.

ಮಾತು ಸರಿ. ಗೋಧಿ ಹಿಟ್ಟನ್ನು ನಾದಿ ಎಳೆ ತೆಗೆದರೆ ಅದು ನೂಡಲ್ಸೇ. ಪಾಯಸ ಮಾಡಿದರೆ ಶಾವಿಗೆ, ಸಾರಿಗೆ ಹಾಕಿದರೆ ಥುಕ್ಪಾ. ಮೈಸೂರು ಕಡೆಯ ಒತ್ತು ಶಾವಿಗೆ, ಕೊಡಗಿನ ನೂಪುಟ್ಟು ಅಕ್ಕಿಯವು. ಅವೂ ಅದೇ ಬಳಗ.

ಅತ್ತೆಗೆ ಇನ್ನೊಂದು ವಿಷಯ ಹೇಳಿದೆ. ಚೀನಾದ ಲಾಜಿಯಾ ಎಂಬಲ್ಲಿ ಮಣ್ಣಿನಡಿ ಬೋರಲು ಬಿದ್ದಿದ್ದ ಬಟ್ಟಲೊಂದರಲ್ಲಿ ಸುಮಾರು 4000 ವರ್ಷ ಹಳೆಯ ನೂಡಲ್ಸ್ ಸಿಕ್ಕಿತು. 2005ರಲ್ಲಿ ವಿಜ್ಞಾನಿಗಳು ಅದರ ವರದಿ ಪ್ರಕಟಿಸಿದರು. ಅದರಲ್ಲಿ ಇದ್ದದ್ದು ಗೋಧಿಯಲ್ಲ, ನವಣೆ ಮತ್ತು ಬರಗು. ನಮ್ಮ ಹಿರಿಯರು ಬೆಳೆಯುತ್ತಿದ್ದ ಅದೇ ಧಾನ್ಯಗಳು.

ಅತ್ತೆ ತಕ್ಷಣ ಕೇಳಿದರು: "ನವಣಿ ಹಿಟ್ಟಿಗೆ ಎಳಿ ಹ್ಯಾಂಗ ಬರತೈತಿ? ಅದು ಹರೀತೈತಿ. ಒತ್ತಿರಬೇಕು ನೋಡು."

ಸಂಶೋಧಕರಿಗೂ ಇದೇ ಅನುಮಾನ ಬಂದಿತ್ತು. ಜಿಗುಟಿಲ್ಲದ ಹಿಟ್ಟನ್ನು ಎಳೆದು ನೂಡಲ್ಸ್ ಮಾಡಲಾಗದು ಅಂತ ವಾದವಾಯಿತು. ಆಮೇಲೆ ಒತ್ತಿ ಇಳಿಸುವ ಸಾಧನದಿಂದ ಮಾಡಿರಬಹುದು ಅಂತ ಪ್ರಯೋಗ ಮಾಡಿ ತೋರಿಸಿದರು. ನಮ್ಮತ್ತೆ ಓದಿದ್ದು ಎರಡನೇ ಇಯತ್ತೆ.

ಈ ಬೇಸಿಗೆಯಲ್ಲಿ ಮಣೆ ಅಟ್ಟದಿಂದ ಇಳಿಯಿತು. ಅತ್ತೆ ಒಂದು ಕಟ್ಟು ಶಾವಿಗೆ ಕಟ್ಟಿಕೊಟ್ಟು, "ಆ ಅಮ್ಮಗ ಕೊಟ್ಟು ಬಾ" ಅಂದರು. ಆಮಾ-ಲಾ ಎಳೆಯನ್ನು ಬೆಳಕಿಗೆ ಹಿಡಿದು ನೋಡಿ, ಕೈಯಲ್ಲೇ ಮಾಡಿದ್ದಾ ಅಂತ ಎರಡು ಸಲ ಕೇಳಿದರು. ಮರುವಾರ ಅತ್ತೆಯನ್ನೂ ಕರೆದುಕೊಂಡು ಹೋದೆ. ಒಬ್ಬರದು ಹುಬ್ಬಳ್ಳಿ ಕಡೆಯ ಕನ್ನಡ, ಇನ್ನೊಬ್ಬರದು ಸಂತೆಯಲ್ಲಿ ಕಲಿತ ಕನ್ನಡ. ಇಬ್ಬರೂ ಹಿಟ್ಟು ಹಿಸುಕಿ ನೋಡುವುದರಲ್ಲೇ ಒಂದು ತಾಸು ಕಳೆದರು.

ಅತ್ತೆಯ ಶಾವಿಗೆಯಿಂದಲೇ ಮಗಳ ಗಾಡಿ ನೂಡಲ್ಸ್ ಆಸೆಯನ್ನೂ ತೀರಿಸುತ್ತೇನೆ. ಗಾಡಿಯವರು ಹಕ್ಕಾ ಅಂತ ಬೋರ್ಡು ಹಾಕುತ್ತಾರಲ್ಲ, ಹಕ್ಕಾ ಎನ್ನುವುದು ಚೀನಾದ ಒಂದು ಜನ ಸಮುದಾಯದ ಹೆಸರು. ಕೋಲ್ಕತ್ತಕ್ಕೆ ಬಂದು ನೆಲೆಸಿದ ಅವರ ಅಡುಗೆಗೆ ನಮ್ಮ ದೇಶದ ಖಾರ ಸೇರಿ ಈ ರುಚಿ ಹುಟ್ಟಿತು. ಗಾಡಿಯ ಕಡುಕೆಂಪು ಬಣ್ಣ ಮಾತ್ರ ಅಡುಗೆಯದ್ದಲ್ಲ. ಗೋಬಿ ಮಂಚೂರಿಯಲ್ಲಿ ಸುರಕ್ಷಿತವಲ್ಲದ ಬಣ್ಣ ಕಂಡುಬಂದದ್ದಕ್ಕೆ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿ, ಬಣ್ಣವೂ ಬರುತ್ತದೆ, ಖಾರವೂ ಹದವಾಗಿರುತ್ತದೆ.

ಮಾಡುವ ಕ್ರಮ ಸುಲಭ. ಕುದಿಯುವ ನೀರಿಗೆ ಉಪ್ಪು, ಒಂದು ಚಮಚ ಎಣ್ಣೆ, ಶಾವಿಗೆ ಹಾಕಿ. ತೆಳ್ಳಗಿನ ಶಾವಿಗೆ ಎರಡು ಮೂರು ನಿಮಿಷಕ್ಕೇ ಬೇಯುತ್ತದೆ, ನಡುವೆ ಒಂದು ಎಳೆ ಕಚ್ಚಿ ನೋಡಿ. ಬಸಿದು ತಣ್ಣೀರು ಸುರಿಯಿರಿ, ಇಲ್ಲದಿದ್ದರೆ ತನ್ನ ಬಿಸಿಗೇ ಮತ್ತಷ್ಟು ಬೆಂದು ಮುದ್ದೆಯಾಗುತ್ತದೆ. ಕಬ್ಬಿಣದ ಬಾಣಲೆಯನ್ನು ಹೊಗೆಯಾಡುವಷ್ಟು ಕಾಯಿಸಿ ಎಣ್ಣೆ, ಬೆಳ್ಳುಳ್ಳಿ, ಉದ್ದಕ್ಕೆ ಹೆಚ್ಚಿದ ಎಲೆಕೋಸು, ಗಜ್ಜರಿ, ದೊಣ್ಣ ಮೆಣಸಿನಕಾಯಿ. ಎರಡೇ ನಿಮಿಷ, ತರಕಾರಿ ಕರುಂ ಅನ್ನಬೇಕು. ಮೆಣಸಿನಕಾಯಿ ಮಸಾಲೆ, ಎರಡು ಚಮಚ ಸೋಯಾ ಸಾಸ್, ಶಾವಿಗೆ ಹಾಕಿ ತಿರುವಿ. ಸೋಯಾ ಸಾಸ್‌ನಲ್ಲೇ ಸಾಕಷ್ಟು ಉಪ್ಪಿದೆ, ಬೇರೆ ಉಪ್ಪು ರುಚಿ ನೋಡಿ ಹಾಕಿ. ವಿನೆಗರ್ ಬದಲು ಅರ್ಧ ಲಿಂಬೆಹಣ್ಣು ಸಾಕು. ಎಲ್ಲವನ್ನೂ ಒಟ್ಟಿಗೆ ತುಂಬಬೇಡಿ. ಬಾಣಲೆ ತಣ್ಣಗಾಗಿ ತರಕಾರಿ ನೀರು ಬಿಡುತ್ತದೆ. ಎರಡು ಸಲ ಮಾಡಿ.

ಇನ್ನೂ ಅವಸರವಿದ್ದ ದಿನ ಶೇಂಗಾ ಚಟ್ನಿ ಪುಡಿ. ಚೀನಾದ ಸಿಚುವಾನ್ ಕಡೆ ತಣ್ಣನೆಯ ನೂಡಲ್ಸಿಗೆ ರುಬ್ಬಿದ ಎಳ್ಳು, ಬೆಳ್ಳುಳ್ಳಿ, ಖಾರದೆಣ್ಣೆ ಕಲಸುತ್ತಾರೆ. ನಮ್ಮ ಶೇಂಗಾ ಪುಡಿಯಲ್ಲಿ ಬೆಳ್ಳುಳ್ಳಿ, ಖಾರ ಮೊದಲೇ ಇವೆ. ನಾಲ್ಕು ಚಮಚ ಪುಡಿಗೆ ಬಿಸಿನೀರು, ಒಂದು ಚಮಚ ಸೋಯಾ ಸಾಸ್, ಲಿಂಬೆರಸ, ಚಿಟಿಕೆ ಬೆಲ್ಲ ಸೇರಿಸಿ ಗೊಜ್ಜಿನ ಹದಕ್ಕೆ ಕಲಸಿ, ಬೇಯಿಸಿದ ಶಾವಿಗೆಗೆ ಸವರಿ. ಮೇಲೆ ಸವತೆಕಾಯಿ ತುರಿ. ಮಗಳ ಸಂಜೆಯ ತಿಂಡಿಗೆ ಇದೇ.

ಪ್ಯಾಕೆಟ್ ಅನ್ನು ಬೈಯಲು ಇದನ್ನು ಬರೆದಿಲ್ಲ. ಜಪಾನಿನಲ್ಲಿ 1958ರಲ್ಲಿ ಮೊಮೊಫುಕು ಆಂಡೊ ಅನ್ನುವವರು ನೂಡಲ್ಸನ್ನು ಎಣ್ಣೆಯಲ್ಲಿ ಕರಿದು ಒಣಗಿಸುವ ವಿಧಾನ ಮಾರುಕಟ್ಟೆಗೆ ತಂದರು. ಮೊದಲೇ ಬೆಂದು ಕರಿದದ್ದಕ್ಕೇ ಅದು ಅಷ್ಟು ಬೇಗ ತಯಾರಾಗುತ್ತದೆ. ನಮ್ಮ ಮನೆಯಲ್ಲೂ ಒಂದೆರಡು ಪ್ಯಾಕೆಟ್ ಇವೆ. ಮಸಾಲೆ ಚೀಟಿಯಲ್ಲಿ ಉಪ್ಪು ಜಾಸ್ತಿ, ಅರ್ಧ ಮಾತ್ರ ಹಾಕಿ, ತರಕಾರಿ ಹೆಚ್ಚು ಹಾಕಿ. ಸುದ್ದಿ ತಡವಾದ ರಾತ್ರಿ ಅದೇ ಗತಿ.

ಆದರೆ ಪ್ಯಾಕೆಟ್ ಒಬ್ಬರ ಲೆಕ್ಕದ್ದು. ಹರಿದವರೇ ತಿನ್ನಬೇಕು. ಬೋಗುಣಿ ಹಾಗಲ್ಲ, ಬಂದ ನೆಂಟರಿಗೂ ಎರಡು ಲೋಟ ನೀರು ಹೆಚ್ಚಿಗೆ ಹಾಕಬಹುದು. ನಿಮ್ಮ ಮನೆಯಲ್ಲೂ ಯಾರಾದರೂ ಹಿರಿಯರು ಮೊದಲೇ ಉಂಡು ಮಲಗುತ್ತಿದ್ದರೆ, ಹಸಿವಿಲ್ಲ ಅಂತ ಅವರು ಹೇಳಿದ್ದನ್ನು ಪೂರ್ತಿ ನಂಬಬೇಡಿ. ಹಲ್ಲು ಇವೆಯಾ ಅಂತ ಒಮ್ಮೆ ಕೇಳಿ. ಹಿಟ್ಟು ನಾದಿ ಮುಚ್ಚಿಡಿ, ಅರ್ಧ ಗಂಟೆ ಸಾಕು.