ಲೀಟರಿಗೆ ಎಷ್ಟ್ ಕೊಡ್ತೈತಿ?

"ಏನ್ರಪಾ ಇಂಜಿನಿಯರ್ಸ್, ಹೊಸಾವು ಪ್ಲಗ್ ಹಚ್ಚೋ ಕಾರ್ ಬರ್ತಾವಂತಲ್ಲ, ಅವು ಲೀಟರಿಗೆ ಎಷ್ಟ್ ಕೊಡ್ತಾವು?"

ಕೇಳಿದವರು ನಮ್ಮ ಪೈಕಿ ಒಬ್ಬನ ಕಾಕಾ. ಊರು ಹೊಸರಿತ್ತಿ. ಹಾವೇರಿ ತಾಲ್ಲೂಕಿನಲ್ಲಿ, ವರದಾ ನದಿಯ ದಂಡೆಯ ಮೇಲಿರೋ ಊರು. 1943ರಲ್ಲಿ ಮೈಲಾರ ಮಹಾದೇವ ಹುತಾತ್ಮರಾದ ಊರು ಅಂದರೆ ಬಹಳ ಜನಕ್ಕೆ ಥಟ್ಟನೆ ಗೊತ್ತಾಗುತ್ತೆ. ಸೆಮಿಸ್ಟರ್ ರಜೆಗೆ ನಾವು ಮೂವರು ಅಲ್ಲಿಗೆ ಹೋಗಿದ್ದೆವು. ಕಾಕಾನ ಹತ್ತಿರ ಒಂದು ಹಳೇ ಡೀಸೆಲ್ ಕಾರಿದೆ, ಅದೇ ಅವರ ಹೊಟ್ಟೆಪಾಡು. ಹಾವೇರಿ ಆಸ್ಪತ್ರೆಗೆ ಪೇಷಂಟು, ಬ್ಯಾಡಗಿ ಮಾರ್ಕೆಟ್‌ಗೆ ಮೆಣಸಿನಕಾಯಿ ಬೆಳೆದ ರೈತರು, ರಾಣೇಬೆನ್ನೂರಿಗೆ ಮದುವೆ ಸೀರೆ ತರೋ ಮನೆಮಂದಿ, ಎಲ್ಲ ಬಾಡಿಗೆಗೂ ಅದೇ ಗಾಡಿ. ಅದಕ್ಕೆ ವಯಸ್ಸಾಗಿತ್ತು. ಅದನ್ನು ಮಾರಿ, ಸಾಲ ಮಾಡಿ ಹೊಸದು ತಗೋಬೇಕು ಅಂತ ಅವರ ಯೋಚನೆ.

ನಾವು ಫೈನಲ್ ಇಯರ್ ಮೆಕ್ಯಾನಿಕಲ್. ಮುಂದಿನ ಸೆಮಿನಾರಿಗೆ ಹೈಬ್ರಿಡ್ ವಿಷಯವನ್ನೇ ಆರಿಸಿಕೊಂಡಿದ್ದೆವು. ಹಾಗಾಗಿ ಕಾಕಾ ಕೇಳಿದ್ದೇ ತಡ, ಮೂವರೂ ಒಟ್ಟಿಗೆ ಶುರು ಮಾಡಿದೆವು. "ಕಾಕಾ, ಅದರಾಗ ಎರಡು ಕಾರ್ ಇರ್ತಾವು. ಒಂದು ಕರೆಂಟಿಂದು, ಒಂದು ಪೆಟ್ರೋಲಿಂದು. ರಾತ್ರಿ ಮನೆಯಲ್ಲಿ ಚಾರ್ಜ್ ಹಾಕೋದು. ಮೊದಲು ಬ್ಯಾಟರಿ ಮೇಲೆ ಓಡ್ತದೆ, ಅದು ಮುಗಿದ ಮೇಲೆ ಇಂಜಿನ್ ಶುರು. ನಡುದಾರಿಯಲ್ಲಿ ನಿಲ್ಲೋ ಭಯ ಇಲ್ಲ."

"ಅದು ತಿಳೀತು. ಎಷ್ಟ್ ಕೊಡ್ತೈತಿ ಹೇಳ್ರಿ."

ಉತ್ತರ ಹೇಳೋಕೆ ನಮಗೆ ಅವರ ಓಡಾಟದ ಲೆಕ್ಕ ಬೇಕಿತ್ತು. ಕಾಕಾ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದರು. ತಾರೀಖು, ಮೀಟರ್ ರೀಡಿಂಗ್, ಎಲ್ಲಿಗೆ ಬಾಡಿಗೆ, ಎಷ್ಟು ಡೀಸೆಲ್, ಎಲ್ಲ ನೀಟಾಗಿ ಬರೆದಿತ್ತು. ಟ್ಯಾಂಕ್ ಫುಲ್ ಮಾಡಿಸಿ, ಮುಂದಿನ ಫುಲ್‌ವರೆಗೆ ಎಷ್ಟು ಕಿಲೋಮೀಟರ್ ಓಡಿತು ಅಂತ ಭಾಗಿಸಿ ಇಟ್ಟಿದ್ದರು. ನಮ್ಮ ಲ್ಯಾಬ್ ರೆಕಾರ್ಡ್‌ಗಿಂತ ಆ ನೋಟ್‌ಬುಕ್ ಚೆನ್ನಾಗಿತ್ತು ಅಂತ ಒಪ್ಪಿಕೊಳ್ಳಲೇಬೇಕು.

ಸಾಧಾರಣ ಒಂದು ತಿಂಗಳ ಪುಟ ತೆಗೆದು ಅಂದಾಜು ಮಾಡಿದೆವು. ಹೊಸರಿತ್ತಿಯಿಂದ ಹಾವೇರಿಗೆ 25 ಕಿಲೋಮೀಟರ್ ಅಂತ ಹಿಡಿದೆವು, ಹೋಗಿ ಬಂದರೆ 50. ಇಂಥ ದಿನಗಳು 20. ಹಾವೇರಿ ಮೇಲಿಂದ ಬ್ಯಾಡಗಿಗೆ ಹೋಗಿ ಬಂದರೆ 80, ಇಂಥವು 4. ರಾಣೇಬೆನ್ನೂರಿಗೆ 120, ಇಂಥವು 2. ತಿಂಗಳಿಗೆ ಒಟ್ಟು 1,560 ಕಿಲೋಮೀಟರ್.

ಇನ್ನು ಕಾರು. ಟೊಯೊಟಾ ಪ್ರಿಯಸ್‌ನ ಈಗಿನ ಪ್ಲಗ್-ಇನ್ ಮಾಡೆಲನ್ನು ಅಳತೆಗೋಲು ಮಾಡಿಕೊಂಡೆವು. ಅದರ ಬ್ಯಾಟರಿ 13.6 ಕಿಲೋವ್ಯಾಟ್-ಅವರ್, ಅಂದರೆ 13.6 ಯೂನಿಟ್. ಅಮೆರಿಕದ ಇಪಿಎ ಲೆಕ್ಕದಲ್ಲಿ ಬರೀ ಕರೆಂಟ್ ಮೇಲೆ 44 ಮೈಲಿ, ಸುಮಾರು 70 ಕಿಲೋಮೀಟರ್. ಚಾರ್ಜ್ ಮುಗಿದ ಮೇಲೆ ಲೀಟರಿಗೆ ಸುಮಾರು 22. ನಮ್ಮ ಬಿಸಿಲು, ಎಸಿ, ಹಂಪು, ಕಾರು ತುಂಬ ಜನ, ಎಲ್ಲ ಸೇರಿಸಿ ನಾವು ಕಡಿಮೆಯೇ ಹಿಡಿದೆವು: ಚಾರ್ಜ್‌ಗೆ 50 ಕಿಲೋಮೀಟರ್, ಆಮೇಲೆ ಲೀಟರಿಗೆ 20.

ಹಾವೇರಿಯ 20 ದಿನ ಪೂರ್ತಿ ಕರೆಂಟ್. ಬ್ಯಾಡಗಿ, ರಾಣೇಬೆನ್ನೂರಿನ ದಿನಗಳಲ್ಲಿ ಮೊದಲ 50 ಕರೆಂಟ್, ಮಿಕ್ಕಿದ್ದು ಪೆಟ್ರೋಲ್. ಕೂಡಿಸಿದರೆ 1,300 ಕಿಲೋಮೀಟರ್ ಕರೆಂಟ್, 260 ಕಿಲೋಮೀಟರ್ ಪೆಟ್ರೋಲ್. ಬೇಕಾದದ್ದು 13 ಲೀಟರ್. 1,560 ಭಾಗಿಸು 13.

ಲೀಟರಿಗೆ 120 ಕಿಲೋಮೀಟರ್!

ನಾವು ಕುಣಿದುಬಿಟ್ಟೆವು. ಸೆಮಿನಾರಿನ ಮೊದಲ ಸ್ಲೈಡ್ ಇದೇ, ಹೆಡ್ಡಿಂಗ್ "ಹೊಸರಿತ್ತಿಯಲ್ಲಿ 120" ಅಂತ ಅಲ್ಲೇ ತೀರ್ಮಾನ ಆಯ್ತು. ಕಾಕಾ ಮಾತ್ರ ಕುಣಿಯಲಿಲ್ಲ. ನೋಟ್‌ಬುಕ್ ಮುಚ್ಚಿ ಒಂದೇ ಮಾತು ಕೇಳಿದರು: "ಕರೆಂಟ್ ಏನ್ ನಿಮ್ಮ ಮಾವ ಕೊಡ್ತಾನೇನು?"

ಆ ರಾತ್ರಿ ನಾವು ಮತ್ತೆ ಕೂತು ಓದಿದಾಗ, ನಾವು ಮಾಡಿದ ತಪ್ಪನ್ನೇ ಒಂದು ದೊಡ್ಡ ಕಂಪನಿ ಬಹಿರಂಗವಾಗಿ ಮಾಡಿತ್ತು ಅಂತ ಗೊತ್ತಾಯಿತು. 2009ರ ಆಗಸ್ಟ್‌ನಲ್ಲಿ ಜನರಲ್ ಮೋಟಾರ್ಸ್, ಮುಂದೆ ಬರಲಿದ್ದ ಷೆವ್ರೊಲೆ ವೋಲ್ಟ್ ಸಿಟಿಯಲ್ಲಿ ಗ್ಯಾಲನ್‌ಗೆ 230 ಮೈಲಿ ಕೊಡುವ ನಿರೀಕ್ಷೆ ಇದೆ ಅಂತ ಘೋಷಿಸಿತ್ತು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 98 ಕಿಲೋಮೀಟರ್. 2010ರ ಕೊನೆಗೆ ಕಾರು ರಸ್ತೆಗೆ ಬಂದಾಗ ಇಪಿಎ ಅಂಟಿಸಿದ ಲೇಬಲ್‌ನಲ್ಲಿ ಇದ್ದದ್ದು ಬೇರೆ: ಬರೀ ಪೆಟ್ರೋಲ್ ಮೇಲೆ 37, ಕರೆಂಟನ್ನೂ ಪೆಟ್ರೋಲ್ ಲೆಕ್ಕಕ್ಕೆ ತಂದರೆ 93, ಎರಡೂ ಸೇರಿ 60. ಕಾರು ಕೆಟ್ಟದ್ದಾಗಿರಲಿಲ್ಲ. 230ರಲ್ಲಿ ಲೀಟರನ್ನಷ್ಟೇ ಎಣಿಸಿ, ಗೋಡೆಯಿಂದ ಬಂದ ಕರೆಂಟನ್ನು ಬಿಟ್ಟಿದ್ದರು. ನಾವೂ ಅದನ್ನೇ ಮಾಡಿದ್ದು.

ಇಪಿಎ ಲೆಕ್ಕದಲ್ಲಿ ಒಂದು ಗ್ಯಾಲನ್ ಪೆಟ್ರೋಲ್ ಅಂದರೆ 33.7 ಯೂನಿಟ್. ಲೀಟರಿಗೆ ಸುಮಾರು 8.9. ಯೂನಿಟ್‌ಗೆ 5 ಕಿಲೋಮೀಟರ್ ಹಿಡಿದರೆ, ಕಾಕಾನ 1,300 ಕಿಲೋಮೀಟರಿಗೆ 260 ಯೂನಿಟ್ ಬೇಕು. ಅದನ್ನು ಲೀಟರ್ ಮಾಡಿದರೆ 29. ಜೊತೆಗೆ ನಿಜವಾದ ಪೆಟ್ರೋಲ್ 13. ಒಟ್ಟು 42. ನಮ್ಮ 120 ಇಳಿದು 37ಕ್ಕೆ ಬಂತು. 37 ಕೂಡ ಒಳ್ಳೇ ನಂಬರೇ. ಪೆಟ್ರೋಲ್ ಇಂಜಿನ್ ಎಷ್ಟೇ ಚೆನ್ನಾಗಿದ್ದರೂ ಇಂಧನದ ಶಕ್ತಿಯಲ್ಲಿ ಸುಮಾರು 40 ಪರ್ಸೆಂಟ್ ಮಾತ್ರ ಕೆಲಸಕ್ಕೆ ಬರ್ತದೆ, ಉಳಿದದ್ದು ಶಾಖವಾಗಿ ಹೋಗ್ತದೆ. ಮೋಟಾರು ಆ ಥರ ಕಳೆಯೋದಿಲ್ಲ. ಹಂಪಿನಲ್ಲಿ ಬ್ರೇಕ್ ಹಾಕಿದಾಗ ಒಂದಿಷ್ಟನ್ನು ಬ್ಯಾಟರಿಗೆ ವಾಪಸ್ ಕೂಡ ತುಂಬ್ತದೆ. ಹೊಸರಿತ್ತಿ-ಹಾವೇರಿ ರಸ್ತೆಗೆ ಇದು ಹೇಳಿ ಮಾಡಿಸಿದ್ದು. ಹಾವೇರಿಯಿಂದ ರಾಣೇಬೆನ್ನೂರಿಗೆ ಹೈವೇ, ಒಂದೇ ವೇಗ, ಅಲ್ಲಿ ಇಂಜಿನ್ನಿಗೂ ತಕ್ಕ ಕೆಲಸ.

ಬೆಳಿಗ್ಗೆ ಕಾಕಾನಿಗೆ ಇದನ್ನೆಲ್ಲ ಹೇಳಿದೆವು. ದುಡ್ಡಿನ ಲೆಕ್ಕವನ್ನೂ ಹಾಕಿದೆವು. ಸುಲಭಕ್ಕೆ ಪೆಟ್ರೋಲ್ 100 ರೂಪಾಯಿ, ಯೂನಿಟ್ 8 ರೂಪಾಯಿ ಅಂತ ಹಿಡಿದರೆ, ಚಾರ್ಜ್ ಹಾಕಿ ಓಡಿಸಿದ ತಿಂಗಳು 3,380 ರೂಪಾಯಿ. ಒಂದು ದಿನವೂ ಚಾರ್ಜ್ ಹಾಕದಿದ್ದರೆ 78 ಲೀಟರ್, 7,800 ರೂಪಾಯಿ.

ಕಾಕಿ ಚಹಾ ತಂದು ಕೊಡುತ್ತಾ, "260 ಯೂನಿಟ್ ಆದ್ರ ಗೃಹಜ್ಯೋತಿ ಹೋಗ್ತೈತಿ ಅಲ್ಲ?" ಅಂದರು.

ಇದು ನಮ್ಮ ತಲೆಗೇ ಬಂದಿರಲಿಲ್ಲ. ಗೃಹಜ್ಯೋತಿ ಇರೋದು ತಿಂಗಳಿಗೆ 200 ಯೂನಿಟ್ ಒಳಗೆ, ಅದೂ ಹಿಂದಿನ ಸರಾಸರಿಯ ಮೇಲೆ ಹತ್ತು ಪರ್ಸೆಂಟ್. 200 ದಾಟಿದ ಮನೆ ಪೂರ್ತಿ ಬಿಲ್ ಕಟ್ಟಬೇಕು. ಕಾರಿನ 260 ಸೇರಿದರೆ ಮನೆಯ ಫ್ಯಾನು, ಮಿಕ್ಸಿ, ಟಿವಿಗೂ ಬಿಲ್ ಬರ್ತದೆ. ಯಾವ ಬ್ರೋಷರ್‌ನಲ್ಲೂ ಇಲ್ಲದ ಖರ್ಚು ಅದು.

ಆಮೇಲೆ ಕಾಕಾ ನೋಟ್‌ಬುಕ್‌ನ ಬೇರೆ ಪುಟ ತೆಗೆದರು. ಮೆಣಸಿನಕಾಯಿ ಸೀಸನ್. ಬೆಳಗಿನ ಜಾವ ಬ್ಯಾಡಗಿ, ಬಂದು ಉಂಡು ಮತ್ತೆ ಹಾವೇರಿ. ದಿನಕ್ಕೆ 130 ಕಿಲೋಮೀಟರ್, ತಿಂಗಳಿಗೆ 26 ದಿನ. ನಡುವೆ ಚಾರ್ಜ್ ಹಾಕೋಕೆ ಪುರಸೊತ್ತಿಲ್ಲ. ಮನೆಯ ಪ್ಲಗ್ಗಿನಲ್ಲಿ 10 ಆಂಪಿಯರ್ ಎಳೆದರೆ 2.3 ಕಿಲೋವ್ಯಾಟ್. 10 ಯೂನಿಟ್ ತುಂಬೋಕೆ ನಾಲ್ಕು ತಾಸಿನ ಮೇಲೆ ಬೇಕು, ಅದೂ ಕರೆಂಟ್ ಹೋಗದಿದ್ದರೆ. ಹಾಗಾಗಿ ದಿನಕ್ಕೆ 50 ಕರೆಂಟ್, 80 ಪೆಟ್ರೋಲ್. ತಿಂಗಳಿಗೆ 104 ಲೀಟರ್. ಕರೆಂಟನ್ನು ಮರೆತು, ನಮ್ಮ ಹಳೇ ಮೋಸದ ರೀತಿಯಲ್ಲಿ ಭಾಗಿಸಿದರೂ ಬಂದದ್ದು 32.

ಅದೇ ಕಾರು, ಅದೇ ಡ್ರೈವರು, ಅದೇ ರಸ್ತೆ. ಸಾಧಾರಣ ತಿಂಗಳು 120, ಸೀಸನ್‌ನಲ್ಲಿ 32, ಪ್ಲಗ್ ಹಾಕದಿದ್ದರೆ 20. "ಮತ್ತ ಕಂಪನಿಯವರು ಒಂದೇ ನಂಬರ್ ಹೆಂಗ್ ಬರೀತಾರ?" ಅಂತ ಕಾಕಾ ಕೇಳಿದರು.

ಬರೆಯೋಕೆ ಒಂದು ಊಹೆ ಬೇಕು. ಜನ ಒಟ್ಟು ಓಡಾಟದಲ್ಲಿ ಎಷ್ಟು ಪಾಲು ಕರೆಂಟ್ ಮೇಲೆ ಓಡಿಸ್ತಾರೆ ಅನ್ನೋ ಊಹೆ. ಪುಸ್ತಕದಲ್ಲಿ ಇದಕ್ಕೆ ಯುಟಿಲಿಟಿ ಫ್ಯಾಕ್ಟರ್ ಅಂತಾರೆ. ಆ ಊಹೆ ತಪ್ಪಿದರೆ ನಂಬರ್ ಪೂರ್ತಿ ತಪ್ಪು. ಯುರೋಪಿಯನ್ ಕಮಿಷನ್ 2021ರಲ್ಲಿ ನೋಂದಣಿಯಾದ ಕಾರುಗಳ ಒಳಗಿನ ಮೀಟರಿಂದಲೇ ಮಾಹಿತಿ ತೆಗೆದು 2024ರಲ್ಲಿ ಪ್ರಕಟಿಸಿತು. ಮಾಮೂಲಿ ಪೆಟ್ರೋಲ್, ಡೀಸೆಲ್ ಕಾರುಗಳು ಲ್ಯಾಬ್ ಲೆಕ್ಕಕ್ಕಿಂತ ಸುಮಾರು 20 ಪರ್ಸೆಂಟ್ ಹೆಚ್ಚು ಕುಡಿದಿದ್ದವು. ಪ್ಲಗ್-ಇನ್ ಹೈಬ್ರಿಡ್‌ಗಳ ಹೊಗೆಯಲ್ಲಿ ಕಾರ್ಬನ್ ಡೈಆಕ್ಸೈಡ್ ಮಾತ್ರ ಸರಾಸರಿ ಮೂರೂವರೆ ಪಟ್ಟು. ಊಹಿಸಿದಷ್ಟು ಜನ ಚಾರ್ಜ್ ಹಾಕಿರಲಿಲ್ಲ, ಅದೇ ಮುಖ್ಯ ಕಾರಣ.

"ಹಂಗಾದ್ರ ಪ್ಲಗ್ ಇಲ್ಲದ ಹೈಬ್ರಿಡ್ಡು?" ನಮ್ಮ ಬಿಡದಿಯಲ್ಲೇ ತಯಾರಾಗೋ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ಅಂಥದ್ದು. ಎಆರ್‌ಎಐ ಲೆಕ್ಕದಲ್ಲಿ ಲೀಟರಿಗೆ 23.24. ಅದು ತನ್ನ ಬ್ಯಾಟರಿಯನ್ನು ತಾನೇ ತುಂಬಿಕೊಳ್ತದೆ, ಮಾಲೀಕನ ಶಿಸ್ತನ್ನು ನಂಬಿ ಕೂತಿಲ್ಲ. ಪ್ಲಗ್ ಹಾಕದೇ ಓಡಿಸೋ ಪ್ಲಗ್-ಇನ್ ಅಂದರೆ, ದೊಡ್ಡ ಬ್ಯಾಟರಿಯ ಭಾರ ಹೊತ್ತ ಬರೀ ಹೈಬ್ರಿಡ್ಡು, ಅಷ್ಟೇ. ಅದಕ್ಕೆ ಹೆಚ್ಚಿಗೆ ಕೊಟ್ಟ ದುಡ್ಡೆಲ್ಲ ದಂಡ.

ಹೊರಡೋ ದಿನ ಕಾಕಾನ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಮೂರು ಸಾಲು ಬರೆದು ಕೊಟ್ಟೆವು. ಯಾವ ಪ್ಲಗ್-ಇನ್ ಬಂದರೂ ಶೋರೂಮ್‌ನಲ್ಲಿ ಕೇಳಬೇಕಾದ್ದು: ಒಂದು, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್, ಅದಕ್ಕೆ ಎಷ್ಟು ಯೂನಿಟ್? ಎರಡು, ಚಾರ್ಜ್ ಮುಗಿದ ಮೇಲೆ ಲೀಟರಿಗೆ ಎಷ್ಟು? ಮೂರು, ನಮ್ಮ ಮನೆ ಪ್ಲಗ್ಗಿನಲ್ಲಿ ತುಂಬೋಕೆ ಎಷ್ಟು ತಾಸು? ಎರಡನ್ನೂ ಬೆರೆಸಿದ ಒಂದೇ ನಂಬರ್ ಹೇಳಿದರೆ ನಂಬಬೇಡಿ ಅಂದೆವು. ಬೆರೆಸೋ ಲೆಕ್ಕ ಕಾಕಾನೇ ಮಾಡಿಕೊಳ್ಳಬಲ್ಲರು, ಅದಕ್ಕೆ ಬೇಕಾದ ಡೇಟಾ ಅವರ ಹತ್ತಿರ ಮಾತ್ರ ಇರೋದು.

ಕಾಕಾ ಸದ್ಯಕ್ಕೆ ಗಾಡಿ ಮಾರಿಲ್ಲ. "ಈ ಸೀಸನ್ ಇದರಾಗ ತಗೀತೀನಿ. ಮೊದಲ ದನದ ಕೊಟ್ಟಿಗಿ ಕಡೆ ಒಂದು ದಪ್ಪ ವೈರ್ ಎಳಸಿ, ಅರ್ಥಿಂಗ್ ಮಾಡಸ್ತೀನಿ. ಕರೆಂಟ್ ರಾತ್ರಿ ಎಷ್ಟ್ ತಾಸ್ ನಿಲ್ತೈತಿ ಅಂತ ಬರದ ಇಡ್ತೀನಿ. ಆಮ್ಯಾಲ ಗಾಡಿ ಮಾತು" ಅಂದರು. ಸಾಲದ ಕಂತು ಕಟ್ಟೋರು ಅವರು, ನಾವಲ್ಲ. ಮೊದಲ ದಿನ ನಾವು ಕೊಟ್ಟ 120ನ್ನು ನಂಬಿ ಅವರು ಅಡ್ವಾನ್ಸ್ ಕಟ್ಟಿದ್ದರೆ? ಬಸ್ಸಿನಲ್ಲಿ ವಾಪಸ್ ಬರುವಾಗ ಮೂವರೂ ಅದನ್ನೇ ಮಾತಾಡಿದೆವು.

ಸೆಮಿನಾರಿನ ಮೊದಲ ಸ್ಲೈಡ್ ಬದಲಾಯಿತು. ಹೆಡ್ಡಿಂಗ್ ಈಗ "120, 32, 20". ಕೆಳಗೆ ಮೂರು ತಿಂಗಳ ಲೆಕ್ಕ, ಪಕ್ಕದಲ್ಲಿ 260 ಯೂನಿಟ್. ನೋಡೋಕೆ ಮೊದಲಿನಷ್ಟು ಜೋರಾಗಿಲ್ಲ. ಪ್ರಶ್ನೆ ಕೇಳೋರು ಕೇಳಲಿ, ಎಲ್ಲದಕ್ಕೂ ಉತ್ತರ ಆ ನೋಟ್‌ಬುಕ್ಕಿನಲ್ಲಿದೆ. ಅದರ ಫೋಟೋ ತೆಗೆದುಕೊಂಡು ಬಂದಿದ್ದೇವೆ.